ಮೂರನೆಯ ಕೂಗಿಗೆ ಓ ಎನ್ನುತ್ತಿದ್ದ ಮಾಬುನ್ನಿ ಅತ್ತಿ

ಮಾಬುನ್ನಿ ಅತ್ತಿಯನ್ನು ಮೂರು ಸಲ ಕರೆಯಬೇಕಿತ್ತು. ಬಾಗಿಲ ಹೊರಗೆ ನಿಂತು ಒಂದು ಸಲ ಕರೆದರೆ, ಅಲ್ಲಿಯವರೆಗೆ ಒಳಗೆ ಕೇಳುತ್ತಿದ್ದ ಪಾತ್ರೆ ತೊಳೆಯುವ ಸದ್ದೂ ನಿಂತುಹೋಗುತ್ತಿತ್ತು. ಎರಡನೆಯ ಸಲಕ್ಕೆ ಬಳೆಯ ಸದ್ದು ಬಾಗಿಲ ಹಿಂದೆ ಬಂದು ನಿಲ್ಲುತ್ತಿತ್ತು. ಮೂರನೆಯ ಸಲ ಕರೆದ ಮೇಲೆಯೇ "ಓ" ಎಂದು ಚಿಲಕ ತೆಗೆಯುವಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹಾಂ, ನೀನ ಅದೀ. ಬಾ ಒಳಗ" ಎನ್ನುವಳು. ಅಷ್ಟು ಹೊತ್ತೂ ನಾನು ಸಾರಿನ ಬಟ್ಟಲು ಹಿಡಿದು ಸಿರುಗುಪ್ಪದ ಬಿಸಿಲಿನಲ್ಲಿ ನಿಂತಿರುತ್ತಿದ್ದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟು ಹೋಗಿ ಆ ಜಾಗಕ್ಕೆ ಹೆದರಿಕೆ ಬಂತು.

ನಾನಾಗ ಸಿರುಗುಪ್ಪದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಅತ್ತಿಯ ಮನೆಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅತ್ತಿ ಅದೇ ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತ ಒಣಹಾಕುವ ಕೆಲಸ ಮಾಡುತ್ತಿದ್ದಳು. ಹಸಿ ಭತ್ತದಲ್ಲಿ ದಿನವಿಡೀ ಓಡಾಡಿ ಕಾಲಿನ ಬೆರಳ ಸಂದಿಗಳು ಬಿರಿದಿದ್ದವು. ಒಳಗೆ ಬಾಯ್ಲರಿಗೆ ಹೊಟ್ಟು ಹಾಕುತ್ತಾರಲ್ಲ, ಅದರ ಬೂದಿ ಚಿಮಣಿಯಿಂದ ಹಾರಿ ಇಡೀ ಓಣಿಯ ಮೇಲೆ ಬೀಳುತ್ತಿತ್ತು. ಒಗೆದು ಹಾಕಿದ ಬಟ್ಟೆ, ಹಾಲಿನ ಪಾತ್ರೆ, ಅತ್ತಿಯ ಕೂದಲು, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ಕೆಮ್ಮು ನನ್ನ ಗೋಡೆಯಾಚೆಯಿಂದ ಕೇಳುತ್ತಿತ್ತು. ಮಗಳು ಶಮೀಮ್ ಔಷಧಿ ತಂದುಕೊಟ್ಟರೆ, "ಇದನ್ನ ಗಿರಣಿಗೆ ಕುಡಿಸು, ಅದಕ್ಕ ಕೆಮ್ಮು ಬಂದೈತಿ" ಎನ್ನುತ್ತಿದ್ದಳು.

ಅವಳಿಗೆ ದೆವ್ವದ ಸಿನಿಮಾ ಅಂದರೆ ಪ್ರಾಣ. ರಜೆಯ ಮಧ್ಯಾಹ್ನ ಟಿವಿಯಲ್ಲಿ ತೆಲುಗಿಗೆ ಡಬ್ ಮಾಡಿದ ಯಾವುದೋ ದೇಶದ ದೆವ್ವದ ಸಿನಿಮಾ ಬಂತೆಂದರೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದಳು. ನಡುವೆ ಒಗ್ಗರಣೆ ಮಂಡಕ್ಕಿಯ ತಟ್ಟೆ. ನಾನು ಕಣ್ಣು ಮುಚ್ಚಿಕೊಂಡರೆ ಅವಳಿಗೆ ನಗು. "ಹೆದರಬ್ಯಾಡ. ಈ ದೆವ್ವಕ್ಕ ಸೀರಿ ಉಡಾಕ ಬರಾಂಗಿಲ್ಲ, ನಿನ್ನೇನ್ ಹಿಡಿತೈತಿ" ಎನ್ನುವಳು. ಕತ್ತು ಮುರಿದ ಹೆಣ ಗೋಡೆ ಹತ್ತಿದರೆ, "ಅದರ ಕೈಯಾಗ ಒಂದು ಕಸಬರಿಗಿ ಕೊಡ್ರಿ, ಜ್ಯಾಡರ ಬಲಿ ತಗೀಲಿ" ಎನ್ನುವಳು. ಅವಳ ಪಕ್ಕದಲ್ಲಿ ಕುಳಿತು ಹೆದರುವುದರಲ್ಲೂ ಒಂದು ಸುಖವಿತ್ತು.

ಆ ಸುಖ ಒಂದು ಸಿನಿಮಾಕ್ಕೆ ಮುಗಿಯಿತು. ಅದರ ಹೆಸರು ನೆನಪಿಲ್ಲ. ಬೆಟ್ಟಗಳ ನಡುವೆ ಎಲ್ಲೋ ಒಂದು ಸಣ್ಣ ಊರು. ಚಳಿಗಾಲದಲ್ಲಿ ದಾರಿಯೆಲ್ಲ ಹಿಮದಲ್ಲಿ ಮುಚ್ಚಿ ಕೊನೆಯ ಬಸ್ಸೂ ನಿಂತುಹೋಗುತ್ತದೆ. ಆಮೇಲೆ ರಕ್ತ ಹೀರುವ ಪಿಶಾಚಿಗಳು ಬರುತ್ತವೆ. ಅವು ಬಾಗಿಲು ಮುರಿಯುವುದಿಲ್ಲ. ಹೊರಗೆ ನಿಂತು ಮನೆಯವರದೇ ದನಿಯಲ್ಲಿ ಒಂದು ಸಲ ಹೆಸರು ಹಿಡಿದು ಕರೆಯುತ್ತವೆ. ಒಳಗಿದ್ದವರು ಓಗೊಟ್ಟರೆ ಮುಗಿಯಿತು. ಹೊಸ್ತಿಲ ಮುಂದಿನ ಹಿಮದ ಮೇಲೆ ಒಂದು ಹೆಜ್ಜೆಯ ಗುರುತೂ ಇರುವುದಿಲ್ಲ.

ಅತ್ತಿಯ ಬಾಯಲ್ಲಿ ಮಂಡಕ್ಕಿ ಹಾಗೇ ಉಳಿದಿತ್ತು. ಸಿನಿಮಾ ಮುಗಿದ ಮೇಲೆ ಟಿವಿ ಆರಿಸಿ ಮೆಲ್ಲಗೆ ಹೇಳಿದಳು:

"ರೇಣವ್ವಾ, ಇವರಿಗೂ ಗೊತ್ತೈತಿ."

"ಯಾರಿಗೆ ಅತ್ತಿ?"

"ಈ ಸಿನಿಮಾ ಮಾಡಿದ ಮಂದಿಗೆ. ನಾನು ನಮ್ಮ ಕುರುಗೋಡಾಗ ಅಷ್ಟ ಐತಿ ಅಂತ ತಿಳಿದಿದ್ದೆ. ಅಷ್ಟು ದೂರದ ದೇಶದಾಗೂ ಐತಿ ಅಂದ್ರ ಅದು ಖರೇನ."

ಮೂರು ಕೂಗಿನ ಕಾರಣವನ್ನು ಅವಳು ಹೇಳಿದ್ದು ಆವತ್ತು. ಅವಳ ತವರು ಕುರುಗೋಡು. ಮನೆ ಕಲ್ಲುಗುಡ್ಡದ ಬುಡದಲ್ಲಿ. ಅವಳಿಗೊಬ್ಬ ಅಕ್ಕ ಇದ್ದಳು, ಹಸೀನಾ.

"ಸಂಜಿ ಮಗ್ರಿಬ್ ನಮಾಜಿನ ಹೊತ್ತು. ಅಕ್ಕ ಹಿಟ್ಟು ನಾದಾಕತ್ತಿದ್ಲು. ಹೊರಗಿಂದ ನಮ್ಮಮ್ಮ 'ಹಸೀನಾ' ಅಂತ ಕರದ್ಲು. ಒಂದ ಸಲ. ಅಕ್ಕ 'ಓ, ಬಂದೆ' ಅಂತ ಹಿಟ್ಟಿನ ಕೈಲೇ ಎದ್ದು ಹೋದ್ಲು." ಅತ್ತಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ನಮ್ಮಮ್ಮ ಒಳಗ ನನ್ನ ಪಕ್ಕದಾಗ ಕುಂತಿದ್ಲು, ರೇಣವ್ವಾ."

ನಾನು ತಿರುಗಿ ಬಾಗಿಲ ಕಡೆ ನೋಡಿದೆ.

"ಅಕ್ಕ ಹೊಳ್ಳಿ ಬಂದ್ಲು. ಹೊರಗ ಯಾರೂ ಇಲ್ಲ ಅಂದ್ಲು. ಮರುದಿನದಿಂದ ಮಲಗಿದ್ಲು. ದಿನಾ ಬೆಳ್ಳಗಾಗಾಕತ್ತಿದ್ಲು. ಬಳ್ಳಾರಿಗೆ ಒಯ್ದ್ವಿ. ಡಾಕ್ಟರು ಮೈಯಾಗ ರಕ್ತಾನ ಇಲ್ಲ ಅಂದ್ರು. ಗಾಯ ಇಲ್ಲ, ಏನಿಲ್ಲ. ಅಕ್ಕ ಉಳೀಲಿಲ್ಲ. ಎಲ್ಲಿ ಹೋತವಾ ಆ ರಕ್ತ?"

ರಕ್ತಹೀನತೆ, ಹೊಟ್ಟೆಗೆ ಸಾಲದ ಊಟ, ಆಗಿನ ಕಾಲದ ಜ್ವರ, ನನಗೆ ತಿಳಿದದ್ದನ್ನೆಲ್ಲ ಹೇಳಬಹುದಿತ್ತು. ಎದ್ದು ಮಂಡಕ್ಕಿಯ ತಟ್ಟೆ ಒಳಗಿಟ್ಟು ಬಂದೆ.

ಆ ಸಿನಿಮಾ ಆದಮೇಲೆ ಅತ್ತಿ ತನ್ನ ಒಬ್ಬಳ ನಿಯಮವನ್ನು ಇಡೀ ಓಣಿಯ ನಿಯಮ ಮಾಡಿದಳು. ಹಾಲಿನವನು ಮೂರು ಸಲ ಕೂಗಬೇಕು, ಗ್ಯಾಸಿನವನು ಮೂರು ಸಲ ಕೂಗಬೇಕು. ಗ್ಯಾಸಿನವನು ಒಂದೇ ಸಲ ಕೂಗಿ ಸಿಲಿಂಡರ್ ವಾಪಸು ಒಯ್ದರೆ ಹೆಂಗಸರು ಅತ್ತಿಯನ್ನು ಬೈದರು. ಅವಳು, "ಸಿಲಿಂಡರ್ ನಾಳಿ ಬರ್ತೈತಿ. ಜೀವ ಬರ್ತೈತೇನು?" ಎಂದಳು. ಬೈದವರೂ ನಿಯಮ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಓಣಿಯ ತುಂಬ ಒಂದೊಂದು ಹೆಸರು ಮೂರು ಮೂರು ಸಲ ಕೇಳುವುದು ನಮಗೆಲ್ಲ ರೂಢಿಯಾಗಿಹೋಯಿತು.

ಆ ವರ್ಷ ಪುಷ್ಯದಲ್ಲಿ ಕಾಲುವೆಯ ಕಡೆಯಿಂದ ಮಂಜು ಬರುತ್ತಿತ್ತು. ಗಿರಣಿ ಬಿಡುವಿಲ್ಲದೆ ನಡೆಯುತ್ತಿತ್ತು. ಒಂದು ಸಂಜೆ ಕರೆಂಟು ಹೋಗಿತ್ತು. ನಾನೂ ಅತ್ತಿಯೂ ಅವಳ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಶಮೀಮ್ ಬಳ್ಳಾರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಹೊರಗಿನಿಂದ ಶಮೀಮಳ ದನಿ ಬಂತು: "ಅಮ್ಮಾ."

ನಾನು ಏಳಲು ಹೋದೆ. ಅತ್ತಿ ನನ್ನ ಮಣಿಕಟ್ಟು ಹಿಡಿದಳು. ಭತ್ತ ಎಳೆದು ಗಟ್ಟಿಯಾದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. ಅವಳ ತುಟಿ ಅಲುಗುತ್ತಿತ್ತು, ದುವಾ ಹೇಳಿಕೊಳ್ಳುತ್ತಿದ್ದಳೇನೋ. ನಾವಿಬ್ಬರೂ ಎರಡನೆಯ ಕೂಗಿಗೆ ಕಾದೆವು. ಬರಲಿಲ್ಲ. ಕರೆಂಟು ಬಂದ ಮೇಲೆ ಬಾಗಿಲು ತೆರೆದು ನೋಡಿದರೆ ಹೊಸ್ತಿಲ ಮುಂದೆ ಬೂದಿ ಬಿದ್ದಿತ್ತು, ಆ ಸಿನಿಮಾದ ಹಿಮ ಬಿದ್ದಿದ್ದ ಹಾಗೆಯೇ. ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಕೊನೆಯ ಬಸ್ಸಿಗೆ ಶಮೀಮ್ ಬಂದಳು. ನೀನು ಮೊದಲೇ ಬಂದಿದ್ದೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪಕ್ಕದ ಓಣಿಯಲ್ಲಿ ಯಾರೋ ತಮ್ಮ ತಾಯಿಯನ್ನು ಕರೆದಿರಬೇಕು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅತ್ತಿಯ ಕೆಮ್ಮು ಹೆಚ್ಚಾಗಿ ಮೆಟ್ಟಿಲು ಹತ್ತಲೂ ಆಗದಂತಾದಾಗ ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ನಾನೇ ಕರೆದುಕೊಂಡು ಹೋದೆ. ಹೊರಗೆ ಬೆಂಚಿನ ತುಂಬ ಜನ. ನಾನು ಅವಳಿಗೆ ನೀರು ತರಲು ಹೋಗಿದ್ದಾಗ ನರ್ಸ್ ಬಂದು "ಮಾಬುನ್ನಿ" ಎಂದು ಒಂದು ಸಲ ಕೂಗಿ, ಯಾರೂ ಏಳದ್ದು ನೋಡಿ ಮುಂದಿನವರನ್ನು ಒಳಗೆ ಕಳಿಸಿದ್ದಳು. ಅತ್ತಿ ಸೆರಗು ಬಾಯಿಗಿಟ್ಟುಕೊಂಡು ಗುಬ್ಬಿ ಕೂತ ಹಾಗೆ ಕೂತಿದ್ದಳು.

"ಕರದ್ರ ಹೋಗಬೇಕಲ್ಲ ಅತ್ತಿ?" ನನಗೆ ಅಳು ಬಂದಿತ್ತು.

"ಇಲ್ಲಿ ದಿನಾ ಎಷ್ಟು ಮಂದಿ ಸಾಯ್ತಾರ ನೋಡು. ಹೆಸರು ಹಿಡಿದು ಕರಿಯಾವು ಎಲ್ಲಾ ಇಲ್ಲೇ ಇರ್ತಾವ. ಇಲ್ಲೇ ಒಂದ ಸಲಕ್ಕ ಓ ಅನ್ನು ಅಂತೀಯೇನು?"

ನಾನು ನರ್ಸಿನ ಹತ್ತಿರ ಹೋಗಿ ಕೈಮುಗಿದು ಹೇಳಿದೆ. ಅವಳು ನನ್ನ ಮುಖ ನೋಡಿದಳು, ಬೆಂಚಿನ ಮೇಲಿದ್ದ ಅತ್ತಿಯನ್ನು ನೋಡಿದಳು, ಬೇಸರದಿಂದಲೇ ಮೂರು ಸಲ ಕೂಗಿದಳು. ಕೂತವರೆಲ್ಲ ನಕ್ಕರು. ಅತ್ತಿ "ಓ" ಎಂದು ಎದ್ದು, ನಕ್ಕವರ ಕಡೆ ನೋಡದೆ ಒಳಗೆ ಹೋದಳು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ದೂಳು ಬೂದಿ ಸೇರಿ ಪುಪ್ಪುಸ ಗಟ್ಟಿಯಾಗಿದೆ ಎಂದರು. ಆಮೇಲೆ ಇನ್ನೊಂದು ಕಾಗದ ನೋಡಿ, "ರಕ್ತಾನೂ ಭಾಳ ಕಮ್ಮಿ ಐತಮ್ಮ" ಎಂದರು.

ಅತ್ತಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಎಲ್ಲಾ ದೆವ್ವಗಳಿಗೂ ಹೆಸರಿಟ್ಟು ನಕ್ಕವಳು ಬಸ್ಸಿನಲ್ಲಿ ಸಿರುಗುಪ್ಪದವರೆಗೂ ನನ್ನ ಕೈ ಬಿಡಲಿಲ್ಲ. ಯಾವಾಗ ಓಗೊಟ್ಟೆ ನಾನು, ಯಾರಿಗೆ ಓಗೊಟ್ಟೆ ಎಂದು ದಾರಿಯುದ್ದಕ್ಕೂ ಕೇಳಿಕೊಳ್ಳುತ್ತಿದ್ದಳು.

ಅದೇ ವರ್ಷ ನಾನು ಬಳ್ಳಾರಿಯ ಶಾಲೆಗೆ ಸೇರಿ, ಕೋಟೆ ಗುಡ್ಡದ ಕೆಳಗೆ ಮನೆ ಮಾಡಿದೆ. ಕೊನೆಯ ಸಲ ಅವಳನ್ನು ನೋಡಲು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಶಮೀಮ್ ಔಷಧಿ ತರಲು ಹೋಗಿದ್ದಳು. ಬಾಗಿಲ ಹೊರಗೆ ನಿಂತು "ಮಾಬುನ್ನಿ ಅತ್ತೀ" ಎಂದೆ. ಎರಡನೆಯ ಸಲಕ್ಕೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ "ಓ" ಎಂದು ಬಂತು.

ಆ ಮನೆಯ ಬಾಗಿಲಲ್ಲಿ ನಾನು ಹೆದರಿದ್ದೆಲ್ಲ ಒಂದು ತೂಕ, ಆ ಒಂದು "ಓ" ಒಂದು ತೂಕ. ಬಾಗಿಲು ದೂಡಿಕೊಂಡು ಒಳಗೆ ಹೋದೆ. ಅತ್ತಿ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೈ ಬಿಳಿಚಿತ್ತು.

"ಒಂದ ಸಲಕ್ಕ ಓ ಅಂದ್ಯಲ್ಲ ಅತ್ತಿ?"

"ಮೂರು ತನಕ ಕಾಯಾಕ ದಮ್ಮಿಲ್ಲವಾ. ನೀನ ಆಗಿರ್ಲಿ ಅಂತ ಅಂದೆ." ಉಸಿರು ತೆಗೆದುಕೊಂಡಳು. "ನಿನ್ನೆ ಸಂಜಿಗೂ ಅಂದೆ. ಬಾಗಲಾಗ ಯಾರೂ ಇರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಆಗ ಅವಳೇ ನನ್ನ ಗಲ್ಲ ಹಿಂಡಿ ಹಳೆಯ ನಗೆ ನಕ್ಕಳು. "ಅಳಬ್ಯಾಡ. ನಾನು ನಿನ್ನ ಮನಿಗೆ ಬಂದ್ರ ಮೂರು ಸಲ ಕರೀತೀನಿ. ಒಂದ ಸಲ ಕರದ್ರ ಅದು ನಾನಲ್ಲ. ಓ ಅಂದಿ ಗಿಂದಿ ಮತ್ತ, ಹುಷಾರ."

ಅದಾದ ವಾರದಲ್ಲೇ ಶಮೀಮಳ ಫೋನು ಬಂತು. ಅತ್ತಿಯ ಮಣ್ಣಿಗೆ ಹೋಗಿ ಬಂದೆ. ಆವತ್ತೂ ಓಣಿಯಲ್ಲಿ ಬೂದಿ ಬೀಳುತ್ತಲೇ ಇತ್ತು.

ಹೋದ ತಿಂಗಳು ಒಂದು ಸಂಜೆ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಹೊರಗಿನಿಂದ ಯಾರೋ "ರೇಣವ್ವಾ" ಎಂದರು. ಬಳ್ಳಾರಿಯಲ್ಲಿ ನಾನು ಎಲ್ಲರಿಗೂ ರೇಣುಕಾ ಮಿಸ್ಸು. ರೇಣವ್ವ ಎನ್ನುತ್ತಿದ್ದವಳು ಅವಳೊಬ್ಬಳೇ. ಕೊನೆಯಲ್ಲಿ ಸಣ್ಣ ಕೆಮ್ಮೂ ಇತ್ತು.

"ಓ" ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ಬಾಗಿಲ ಹಿಂದೆ ಬಂದು ನಿಂತೆ. ಇನ್ನೊಂದು ಸಲ ಕರಿ ಅತ್ತಿ, ಒಂದೇ ಒಂದು ಸಲ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳನ್ನು ನೋಡಬೇಕೆಂದು ಅಷ್ಟು ಆಸೆಯಾಗಿತ್ತು. ಹೊರಗೆ ಆಟೋ ಹೋದ ಸದ್ದಾಯಿತು, ಆಮೇಲೆ ಅದೂ ಇಲ್ಲ. ಬೀದಿಯ ದೀಪ ಹತ್ತಿ ಬಾಗಿಲ ಸಂದಿಯಲ್ಲಿ ಬೆಳಕು ಬರುವವರೆಗೂ ಕಾದೆ. ಎರಡನೆಯ ಕೂಗು ಬರಲಿಲ್ಲ. ಅತ್ತಿ ಬಂದಿದ್ದರೆ ಇನ್ನೆರಡು ಸಲ ಕರೆಯುತ್ತಿದ್ದಳು.