ಗೂಗಲ್ ಗುಡಿ ಮುಳುಗಿಸಿದ ಯಂತ್ರ

ಎಂಬತ್ತರ ದಶಕದ ಕೊನೆಯಲ್ಲಿ ಅವರು ರಾಯಚೂರಿನ ಕಾಲೇಜೊಂದರಲ್ಲಿ ಗಣಿತದ ಮಾಸ್ತರರು. ಕೃಷ್ಣೆಯ ಪ್ರವಾಹ, ಅದರಲ್ಲೂ ದಂಡೆಯ ಗೂಗಲ್ ಊರಿನ ಗುಡಿಯ ಬಳಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು, ಅವರ ಸಂಶೋಧನೆಯ ವಿಷಯ. ದೊಡ್ಡ ಲೆಕ್ಕವಿದ್ದಾಗಲೆಲ್ಲ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ಹೈದರಾಬಾದಿನ ಕಂಪ್ಯೂಟರ್ ಹುಡುಕಿ ರೈಲು ಹತ್ತುತ್ತಿದ್ದರು.

ಕೊನೆಗೆ ಕಾಲೇಜು ತನ್ನದೇ ವರ್ಕ್‌ಸ್ಟೇಷನ್ ಕಂಪ್ಯೂಟರ್ ಕೊಳ್ಳಲು ಮುಂದಾಯಿತು. ಆ ಯಂತ್ರದ ಪರೀಕ್ಷೆಯ ದಿನ ಪತ್ರಿಕೆಯ ವರದಿಗೆಂದು ನಾನೂ ಹೋಗಿದ್ದೆ. ಕಂಪನಿಯ ಎಂಜಿನಿಯರ್ ತಂದಿದ್ದ ಮಾದರಿ ಲೆಕ್ಕಗಳು ಕ್ಷಣದಲ್ಲಿ ಮುಗಿದವು. ಮಾಸ್ತರರು ಕನ್ನಡಕ ಏರಿಸಿ, ಯಾವ ಯಂತ್ರ ಬಂದರೂ ಹೇಳುವ ಮಾತನ್ನೇ ಹೇಳಿದರು: "ಅದಿರ್ಲಿ, ನಮ್ಮ ಹೊಳಿ ಹಾಕ್ರಿ."

ಹಿಂದಿನ ವರ್ಷವೊಂದರ ಕೃಷ್ಣೆಯ ಪ್ರವಾಹದ ಅವರ ಲೆಕ್ಕವೂ ಚಹಾ ಆರುವ ಮೊದಲೇ ಮುಗಿಯಿತು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಮಾಸ್ತರರು ಉತ್ತರದ ಮೇಲೆ ಬೆರಳಾಡಿಸಿ ನಕ್ಕರು.

"ನಿಮ್ಮ ಮಷೀನ್ ಗೂಗಲ್ ಗುಡಿ ಮುಳುಗಿಸಿತಲ್ರೀ! ಆ ವರ್ಷ ನಾ ಅಲ್ಲೇ ನಿಂತಿದ್ದೆ. ನೀರು ಮೆಟ್ಟಿಲ ದಾಟಿದ್ದಿಲ್ಲ."

ವೇಗಕ್ಕಾಗಿ ದಶಮಾಂಶಗಳನ್ನು ಮೊಟಕು ಮಾಡಿದ್ದನ್ನು ಎಂಜಿನಿಯರ್ ಒಪ್ಪಿಕೊಂಡ. ಪೂರ್ತಿ ಅಂಕಿಗಳನ್ನಿಟ್ಟು ಓಡಿಸಿದಾಗ ಗುಡಿ ಉಳಿಯಿತು. ವೇಗ ಮಾತ್ರ ಹೈದರಾಬಾದಿನ ಹಳೆಯ ಕಂಪ್ಯೂಟರಿನಷ್ಟೇ.

ಪ್ರಿನ್ಸಿಪಾಲರು ಗದರಿದರು: "ರಿಪೋರ್ಟ್‌ನ್ಯಾಗ ಮೊದಲಿನ ಟೈಮೇ ಬರೀರಿ ಮಾಸ್ತರ್. ಇದನ್ನ ಬರದ್ರ ಕಮಿಟಿ ಮಷೀನ್ ಬ್ಯಾಡ ಅಂತದ. ಬೇಕಾಗಿದ್ದು ನಿಮಗ ಅಲ್ಲೇನು?"

"ಬೇಕಾಗೇದ್ರಿ ಸರ್," ಎನ್ನುತ್ತ ಅವರು ಎರಡನೆಯ ವೇಗವನ್ನೇ ಬರೆದು ಸಹಿ ಹಾಕಿದರು. ಫ್ಲಾಪಿಗಳನ್ನು ಮತ್ತೆ ಡಬ್ಬಿಗೆ ಹಾಕಿ ನನ್ನತ್ತ ತಿರುಗಿದರು.

"ಪೇಪರ್‌ನವರು ನೀವು, ಗೊತ್ತಿರ್ತದ. ಹೈದರಾಬಾದ್ ಗಾಡಿ ಇವತ್ತರೆ ಟೈಮಿಗೆ ಅದ ಏನ್ರಿ?"