ಕಲ್ಲುಕೋರೆಯಲ್ಲಿ ನನ್ನ ಸ್ವರ

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವನು, ಕಥೆ ಕಟ್ಟಿ ಹೇಳುವ ಅಭ್ಯಾಸ ನನಗಿಲ್ಲ. ಕಳೆದ ಚಳಿಗಾಲದಲ್ಲಿ ವೇಣೂರಿನ ಹತ್ತಿರ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ರಫೀಕ್ ಮತ್ತು ನಾನು ಎಂಟನೇ ಕ್ಲಾಸಿನಿಂದ ಗೆಳೆಯರು. ಅವನದ್ದು ಪೇಟೆಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ. ಇಬ್ಬರಿಗೂ ನಾಟಕದ ಹುಚ್ಚು. ಬಯಲಿನಲ್ಲೇ ಆಡುವ ನಾಟಕವೊಂದನ್ನು ನಾವೇ ಬರೆದಿದ್ದೆವು. ಅದರಲ್ಲಿ ಇಬ್ಬರು ಗೆಳೆಯರು. ಒಬ್ಬ ಗುಡ್ಡ ಕಡಿದು ಕೆಂಪುಕಲ್ಲು ಮಾರುತ್ತಾನೆ, ಇನ್ನೊಬ್ಬ ಗುಡ್ಡ ಉಳಿಸು ಎಂದು ಬೇಡುತ್ತಾನೆ. ಕಡಿಯುವವನ ಪಾತ್ರ ನನ್ನದು.

ನಿಜವಾದ ಕಲ್ಲುಕೋರೆಯಲ್ಲೇ ಆಡಬೇಕೆಂದು ಹಠ ಹಿಡಿದವನೂ ನಾನೇ. ಪಾಳುಬಿದ್ದ ಕೋರೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಲ್ಲು, ಜನ ಕೂರಲು ಹೇಳಿ ಮಾಡಿಸಿದಂತಿತ್ತು. ಒಂದು ಮೂಲೆಯಲ್ಲಿ ಮಾತ್ರ ಆಳ ತಿಳಿಯದ ಹಸಿರು ನೀರು...

"ಈ ಜಾಗ ಬೇಡ ಮಾರಾಯ," ಎಂದಿದ್ದ ರಫೀಕ್. "ನಾವು ಬಂದದ್ದು ಇದಕ್ಕೆ ಇಷ್ಟ ಇಲ್ಲ."

"ಯಾವುದಕ್ಕೆ?"

"ಈ ಹೊಂಡಕ್ಕೆ."

ನಾನು ನಕ್ಕುಬಿಟ್ಟೆ.

ಅಂದು ಸಂಜೆ ಏಳು ದಾಟಿತ್ತು. ತಾಲೀಮಿಗೆ ಬಂದವರು ಮೂವರೇ. ನಾವಿಬ್ಬರು, ಮತ್ತೆ ಲೈಟು ನೋಡಿಕೊಳ್ಳುವ ಶ್ವೇತಾ ಟೀಚರ್. ಕೊನೆಯ ದೃಶ್ಯದಲ್ಲಿ ಕಲ್ಲು ಕಡಿಯುವವನು ಕಾಣೆಯಾಗಿರುತ್ತಾನೆ. ಗೆಳೆಯ ಕತ್ತಲಲ್ಲಿ ಮೂರು ಸಲ ಕರೆಯುತ್ತಾನೆ. ಉತ್ತರ ಬರುವುದಿಲ್ಲ. ಹಾಗಾಗಿ ನಾನು ಶ್ವೇತಾ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ಅವರು ಲೈಟು ಆರಿಸಿದರು.

"ಎಲ್ಲಿದ್ದೀಯಾ?" ರಫೀಕ್ ಕೂಗಿದ. ನಾಲ್ಕೂ ಕಡೆಯಿಂದ ಪ್ರತಿಧ್ವನಿ ಬಂತು.

ಎರಡನೇ ಸಲ ಕೂಗಿದ. ಪ್ರತಿಧ್ವನಿ ಬರಲಿಲ್ಲ... ಜೀರುಂಡೆಗಳೂ ಒಮ್ಮೆಲೇ ನಿಂತವು. ಕೊಳೆತ ಎಲೆಯ ವಾಸನೆ ಮೂಗಿಗೆ ಅಡರಿತು.

ಮೂರನೇ ಸಲ...

"ಬಲ ರಪ್ಪೀ... ಮುಲ್ಪ ಉಲ್ಲೆ."

ಬಾ, ಇಲ್ಲಿದ್ದೇನೆ ಅಂತ. ನಾಟಕ ಇದ್ದದ್ದು ಕನ್ನಡದಲ್ಲಿ. ಇದು ನಾವಿಬ್ಬರೂ ದಿನಾ ಆಡುವ ತುಳು. ಅವನನ್ನು ರಪ್ಪಿ ಎಂದು ಕರೆಯುವವನು ಲೋಕದಲ್ಲಿ ನಾನೊಬ್ಬನೇ. ಸ್ವರವೂ ನನ್ನದೇ. ಬಂದದ್ದು ನೀರಿದ್ದ ಮೂಲೆಯಿಂದ.

ಹೋಗಬೇಡ ಎಂದು ಕೂಗಲು ನೋಡಿದೆ. ಶಬ್ದವೇ ಹೊರಡಲಿಲ್ಲ. ಅವನ ಚಪ್ಪಲಿಯ ಸದ್ದು ಆ ಕಡೆಗೇ ಹೋಗುತ್ತಿತ್ತು. ಅವಸರವಿಲ್ಲದೆ, ನಂಬಿಕೆಯಿಂದ... ಆಮೇಲೆ ದೊಡ್ಡದಾಗಿ ನೀರಿನ ಸದ್ದು.

ಶ್ವೇತಾ ಲೈಟು ಹಾಕಿದರು. ನಾನು ಓಡಿ ಹೋಗಿ ಅವನ ಕೈ ಹಿಡಿದೆ. ನಾನು ಎಳೆದಷ್ಟೂ ಅವನು ಕೆಳಗೆ ಜಾರುತ್ತಿದ್ದ. ಆ ಕಡೆಯಿಂದಲೂ ಯಾರೋ ಹಿಡಿದ ಹಾಗೆ. ಶ್ವೇತಾ ಬಂದು ಅಂಗಿ ಹಿಡಿದ ಮೇಲೆಯೇ ಅವನು ಮೇಲೆ ಬಂದದ್ದು.

ನೀರು ಕಕ್ಕಿದವನೇ ನನ್ನನ್ನು ಎರಡೂ ಕೈಯಿಂದ ದೂಡಿದ.

"ಯಾಕೆ ಕರೆದೆ?"

"ನಾನು ಕರೆಯಲೇ ಇಲ್ಲ ರಪ್ಪಿ!"

"ಇಷ್ಟು ವರ್ಷ ಕೇಳಿದ ಸ್ವರ ನನಗೆ ಗೊತ್ತಾಗುವುದಿಲ್ವಾ?"

ಶ್ವೇತಾ ನಡುವೆ ಬಂದರು. "ಸರ್ ನನ್ನ ಪಕ್ಕದಲ್ಲೇ ಇದ್ರು. ಇವರು ಮಾತಾಡಲಿಲ್ಲ," ಎಂದು ನನ್ನ ಮುಖ ನೋಡದೆ ಪಿಸುಗುಟ್ಟಿದರು. "ಆದ್ರೆ ಸ್ವರ ಇವರದ್ದೇ..."

ನಾಟಕ ಅಲ್ಲಿಗೇ ನಿಂತಿತು. ಎಂಟು ದಿನ ರಫೀಕ್ ಅಂಗಡಿ ತೆರೆಯಲಿಲ್ಲ, ಫೋನು ಎತ್ತಲಿಲ್ಲ. ಒಂಬತ್ತನೇ ದಿನ ಕತ್ತಲಾಗುವ ಹೊತ್ತಿಗೆ ಅವನ ಮನೆಗೆ ಹೋಗಿ ಬಾಗಿಲು ತಟ್ಟಿದೆ.

"ಯಾರು?" ಒಳಗಿನಿಂದ ಅವನೇ ಕೇಳಿದ.

"ನಾನು ರಪ್ಪಿ, ಬಾಗಿಲು ತೆಗಿ."

ಬಾಗಿಲಿನ ಆಚೆ ಅವನು ನಿಂತಿರುವುದು, ಉಸಿರಾಡುವುದು ಗೊತ್ತಾಗುತ್ತಿತ್ತು. ಆಮೇಲೆ ಒಳಗಿನಿಂದ ಚಿಲಕ ಬಿತ್ತು.

"ನೀನೇ ಅಂತ ನಾನು ಹೇಗೆ ನಂಬುವುದು?"

ಏನಾದರೂ ಹೇಳಬೇಕಿತ್ತು. ಆದರೆ ಬಾಯಿ ತೆರೆಯಲು ನನಗೇ ಹೆದರಿಕೆಯಾಯಿತು...