ಕೋಲಿಗೆ ಸಿಕ್ಕಿಸಿದ ಖಾಲಿ ಪ್ಯಾಕೆಟ್

ಆದೋನಿಯ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಫೋನಿನಲ್ಲಿ ರಾಶಿಗಟ್ಟಲೆ ಬ್ಲೌಸಿನ ಡಿಸೈನು ನೋಡಿಕೊಂಡು ಬರುತ್ತಾರೆ. ಕೊನೆಗೆ ಬಾಗಿಲಿಗೆ ತೂಗುಹಾಕಿದ್ದನ್ನೇ ತೋರಿಸಿ, "ಅಂಥಾದ್ದೇ ಹೊಲೀರಿ" ಅನ್ನುತ್ತಾರೆ. ನನಗೆ ಒಳಗೊಳಗೇ ನಗು ಬರುತ್ತಿತ್ತು. ಹೋದ ಮುಂಗಾರಿನಲ್ಲಿ ಹತ್ತಿ ಬೀಜ ಕೊಳ್ಳಲು ಹೊರಟ ಮೇಲೆ ಆ ನಗು ನಿಂತಿತು.

ದೇವನಕೊಂಡದ ಆಚೆ ಅಪ್ಪನದೊಂದು ಕಪ್ಪು ಮಣ್ಣಿನ ಯರೆ ಹೊಲವಿದೆ. ಮೊಣಕಾಲು ಹಿಡಿದ ಮೇಲೆ ಅವನಿಗೆ ಬದುವಿನ ತನಕ ನಡೆಯುವುದೇ ಹೆಚ್ಚು. ಪಕ್ಕದ ಹೊಲದವರು ಗುತ್ತಿಗೆಗೆ ಕೇಳುತ್ತಲೇ ಇದ್ದರು. ನಾನು ಮಾಡುತ್ತೇನೆಂದು ಹಟ ಹಿಡಿದೆ.

"ಒಂದ್ ವರ್ಷ ಮಾಡಿ ನೋಡವ್ವ," ಅಂದ ಅಪ್ಪ. "ಬೆಳಿ ಬರ್ಲಿಲ್ಲಂದ್ರ ಅವ್ರಿಗೇ ಕೊಟ್ಟುಬಿಡ್ತೀನಿ. ಆಮ್ಯಾಲೆ ಅಳಬಾರ್ದು ಮತ್ತ."

ಒಮ್ಮೆ ಗುತ್ತಿಗೆಗೆ ಹೋದ ಹೊಲ ಮತ್ತೆ ನಮ್ಮ ಕೈಗೆ ಬರುವುದು ಸುಲಭವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅದರಲ್ಲಿ ಕಳೆ ತೆಗೆಯುತ್ತಲೇ ನಾನು ದೊಡ್ಡವಳಾದದ್ದು. ಅದು ಹೋದರೆ ತವರಿಗೆ ನಾನು ಬರೀ ಹಬ್ಬಕ್ಕೆ ಬಂದು ಹೋಗುವವಳಾಗುತ್ತೇನೆ ಎಂದು ನಿಜಕ್ಕೂ ಹೆದರಿದ್ದೆ.

ಮೊದಲ ಮಳೆ ಬಿತ್ತು. ಹದ ಆರುವುದರೊಳಗೆ ಬಿತ್ತಬೇಕು. ಬೀಜದಂಗಡಿಯ ಗೋಡೆ ತುಂಬ ಪ್ಯಾಕೆಟ್ಟುಗಳು, ಎಲ್ಲದರ ಮೇಲೂ ಅರಳಿದ ಹತ್ತಿಯ ಅದೇ ಚಿತ್ರ. ಫೋನಿನ ಗುಂಪುಗಳಲ್ಲಿ ಒಬ್ಬ ಇದು ಅಂದರೆ ಇನ್ನೊಬ್ಬ ಅದು ಅನ್ನುತ್ತಿದ್ದ. ಎಲ್ಲ ಓದುತ್ತ ಕೂತರೆ ಮಿಷನ್ ಯಾರು ತುಳಿಯಬೇಕು? ನನಗೆ ನೆನಪಿದ್ದದ್ದು ಒಂದೇ. ಹಿಂದಿನ ವರ್ಷ ಹಬ್ಬಕ್ಕೆ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ರಸ್ತೆ ಪಕ್ಕದ ಹೊಲವೊಂದು ಕಂಡಿತ್ತು. ಸುತ್ತಲಿನ ಹೊಲಗಳು ಸಪ್ಪಗಿದ್ದರೂ ಅದೊಂದು ಬೆಳ್ಳಗೆ ಅರಳಿತ್ತು. ನಮ್ಮ ಕಡೆ ಯಾವ ಬೀಜ ಹಾಕಿದ್ದೇವೆಂಬ ಗುರುತಿಗೆ ಖಾಲಿ ಪ್ಯಾಕೆಟ್ಟನ್ನು ಕೋಲಿಗೆ ಸಿಕ್ಕಿಸಿ ಸಾಲಿನ ತಲೆಗೆ ನೆಡುತ್ತಾರೆ. ಆ ಹೊಲದಲ್ಲೂ ಒಂದು ಕೋಲು, ಅದಕ್ಕೊಂದು ಕೆಂಪು ಪ್ಯಾಕೆಟ್. ಇನ್ನೇನು ಬೇಕು ಅನ್ನಿಸಿತ್ತು.

ಅಂಗಡಿ ಮುಂದೆ ದೊಡ್ಡ ಸಾಲು. ಎಲ್ಲರಿಗೂ ಕೆಂಪು ಪ್ಯಾಕೆಟ್ಟೇ ಬೇಕು. "ಸ್ಟಾಕ್ ಲೇದಮ್ಮ, ಸಾಯಂಕಾಲ ಬರ್ತೈತಿ," ಅಂದ ಅಂಗಡಿಯವನು. ನನ್ನ ಮುಂದಿದ್ದ ಅಜ್ಜನನ್ನು ಕೇಳಿದೆ, ಇದೇ ಬೀಜ ಯಾಕೆ ಅಂತ.

"ದೇವನಕೊಂಡ ರೋಡಿನಾಗ ಒಂದು ಹೊಲ ಐತಲ್ಲ, ಕೋಲಿಗೆ ಇದನ್ನ ಸಿಗಿಸ್ಯಾರ. ನೀನು ನೋಡಿಲ್ಲೇನು?"

ಅವನ ಮುಂದಿನವನೂ ಅದನ್ನೇ ಹೇಳಿದ. ಅವನೂ ಬಸ್ಸಿನಿಂದಲೇ ನೋಡಿದ್ದ. ನನಗೆ ರೇಗಿತು. ಇಷ್ಟು ಜನ ಸೇರಿದ್ದೇವೆ, ಎಲ್ಲರದೂ ಓಡುವ ಬಸ್ಸಿನ ಒಂದೇ ನೋಟ. ಇಳಿದು ಕೇಳಿದವರು ಒಬ್ಬರೂ ಇಲ್ಲ. ಇಳಿಯುವುದೇನು ಸುಮ್ಮನೆಯೇ? ಅಲ್ಲಿ ಇಳಿದರೆ ಮುಂದಿನ ಬಸ್ಸಿಗೆ ಬಿಸಿಲಲ್ಲಿ ಕಾಯಬೇಕು, ಅಂದಿನ ದುಡಿಮೆ ಹೋಗುತ್ತದೆ. ಸಾಲು ಬಿಟ್ಟರೆ ಬೀಜವೂ ಹೋದೀತು, ಹದವೂ ಆರೀತು. ಆದರೂ ಬಸ್ಸು ಹತ್ತಿದೆ.

ಆ ಹೊಲದ ಯಜಮಾನಿ ಬದುವಿನ ಮೇಲೆ ಆಳುಗಳಿಗೆ ಬುತ್ತಿ ಬಿಚ್ಚುತ್ತಿದ್ದಳು. ಕೆಂಪು ಪ್ಯಾಕೆಟ್ಟಿನ ಮಾತೆತ್ತಿದೆ. ಆಕೆ ಜೋರಾಗಿ ನಕ್ಕಳು.

"ಅಯ್ಯ ನನ್ನವ್ವ, ಅದು ಬರೇ ನಾಕ್ ಸಾಲು! ಹ್ಯಾಂಗ್ ಬರ್ತೈತಿ ನೋಡೂನು ಅಂತ ಹಾಕಿದ್ವಿ. ಕಾಯೇ ಹಿಡೀಲಿಲ್ಲ. ಅದಕ್ಕ ನೀರು ಕಟ್ಬೇಕಂತ, ನಮ್ದು ಮಳಿ ಹೊಲ."

"ಹಂಗಾರ ಉಳಿದಿದ್ದೆಲ್ಲ?"

"ಅದು ನಾವು ಯಾವಾಗ್ಲೂ ಹಾಕೋ ಬೀಜ. ಅದಕ್ಕ್ಯಾಕ ಗುರ್ತು? ಗೊತ್ತಿಲ್ಲದ್ದಕ್ಕ ಗುರ್ತು ಇಡ್ತಾರ."

ಹೊಸದಾಗಿ ಹಾಕಿದ್ದಕ್ಕಷ್ಟೇ ಕೋಲು ನೆಡುವುದು ನಮ್ಮಪ್ಪನ ರೂಢಿಯೂ ಹೌದು. ನನಗೂ ಗೊತ್ತು, ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತು. ಬಸ್ಸಿನ ಓಟದಲ್ಲಿ ಕಣ್ಣಿಗೆ ಕೋಲು ಬಿತ್ತು, ನಾಲ್ಕು ಸಾಲು ಬೀಳಲಿಲ್ಲ. ಆಕೆ ತನ್ನ ಬೀಜದ ಹೆಸರು ಹೇಳಿ, ಕೈಗೊಂದು ರೊಟ್ಟಿಯನ್ನೂ ಇಟ್ಟಳು. "ಯಾರಿಗೂ ಹೇಳಿಲ್ಲೇನ್ರಿ?" ಅಂದರೆ, "ಯಾರ್ ಬಂದು ಕೇಳ್ಯಾರ?" ಅಂದಳು.

ಸಂಜೆ ಅಂಗಡಿಗೆ ಮರಳಿದಾಗ ಸ್ಟಾಕ್ ಬಂದಿತ್ತು, ನೂಕುನುಗ್ಗಲು. ಬೆಳ್ಳಗಿರೋದೆಲ್ಲ ಹಾಲಲ್ರಿ ಎಂದು ನಡೆದದ್ದನ್ನೆಲ್ಲ ಹೇಳಿದೆ. ಬೆಳಗಿನ ಅಜ್ಜ ನನ್ನನ್ನು ಮೇಲೆ ಕೆಳಗೆ ನೋಡಿದ. "ಊರಿಗೊಂದು ದಾರಿ ಆದ್ರ ಈಕಿಗೊಂದು ದಾರಿ. ಇಷ್ಟು ಮಂದಿ ಏನ್ ಹುಚ್ಚರೇನವ್ವ?" ನಡುವಯಸ್ಸಿನ ಗಂಡಹೆಂಡತಿ ಮಾತ್ರ ಸಾಲು ಬಿಟ್ಟು ನನ್ನ ಹಿಂದೆ ಬಂದರು. ನಾನು ಕೇಳಿದ ಬೀಜ ಕೆಳಗಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿತ್ತು. ಅಂಗಡಿಯವನು ಅದನ್ನು ಒರೆಸಿ ಕೊಟ್ಟ. ಮನೆಗೆ ನಡೆಯುವಾಗ ಹಗುರವಾಗಿದ್ದೆ. ಮಳೆ ಏನು ಮಾಡುತ್ತದೋ ಯಾರಿಗೆ ಗೊತ್ತು, ಬೀಜದ ಮಟ್ಟಿಗಂತೂ ಕಣ್ಣು ಮುಚ್ಚಿ ಬಾವಿಗೆ ಬೀಳಲಿಲ್ಲವಲ್ಲ ಎಂಬ ಸಮಾಧಾನ.

ಮರುದಿನವೇ ಬಿತ್ತಿದೆವು. ಹದ ಇನ್ನೂ ಇತ್ತು. ನಡುವೆ ಮಳೆ ಕೈಕೊಟ್ಟಾಗ ನಿದ್ದೆಗೆಟ್ಟೆ, ಆದರೆ ಗಿಡ ತಡೆದುಕೊಂಡಿತು. ಕಾಯಿ ಹಿಡಿಯಿತು, ಅರಳಿತು. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಟ್ರಾಕ್ಟರಿಗೆ ಹೇರುವಾಗ ಅಪ್ಪ ಬದುವಿನ ಮೇಲೆ ಕೋಲೂರಿ ನಿಂತಿದ್ದ. ಹೊಗಳಲಿಲ್ಲ. ಹೊಗಳುವ ಜಾಯಮಾನವೇ ಅವನದಲ್ಲ.

ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಹೊಲದವರು ಮತ್ತೆ ಬಂದು ಅಪ್ಪನ ಮನೆಯ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಚಹಾ ಸೋಸುತ್ತಿದ್ದೆ. "ಈ ವರ್ಷನಾದ್ರೂ ಹೊಲ ಕೊಡ್ತೀರೇನ್ರಿ?" ಎಂದು ಅವರು ಕೇಳಿದ್ದು ಕೇಳಿಸಿತು.

"ನನ್ನನ್ಯಾಕ ಕೇಳ್ತೀರಿ?" ಅಂದ ಅಪ್ಪ. "ಹೊಲ ಮಾಡಾಕಿ ಒಳಗದಾಳ. ಆಕೀನ ಕೇಳ್ರಿ."